ಡಬ್ಬಣಜ್ಜಿಯ ನಲವತ್ತೆಂಟು ತೂತು

ನಮ್ಮ ಬೀದಿಯ ಹಾಸಿಗೆ ಅಂಗಡಿಯ ಅಜ್ಜಿ ಹೊಲಿದ ಹಾಸಿಗೆಯ ಮೇಲೆ ಕಾವಲುಗಾರನೊಬ್ಬ ಒಂದು ಮಧ್ಯಾಹ್ನ ಸುಮ್ಮನೆ ಅಡ್ಡಾದ. ಎದ್ದು ನೋಡಿದರೆ ಅವನಿಗೆ ನಿವೃತ್ತಿಯಾಗಿತ್ತು. ಇದನ್ನು ನಂಬದವರಿದ್ದಾರೆ. ಅವರು ಆ ಹಾಸಿಗೆಯ ಮೇಲೆ ಮಲಗಿದವರಲ್ಲ, ಅಷ್ಟೆ.

ನನ್ನದು ಅವಳ ಎದುರಿನ ಅಂಗಡಿ. ಕೊಡೆ ರಿಪೇರಿ ಮಾಡುತ್ತೇನೆ. ಆದ್ದರಿಂದ ಬೀದಿಗೆಲ್ಲ ನಾನು ಛತ್ರಿ. ಕಸುಬಿನಿಂದಲೂ ಹೌದು, ಕೆಲವರ ಪ್ರಕಾರ ಗುಣದಿಂದಲೂ ಹೌದು. ಅವಳಿಗೆ ಡಬ್ಬಣಜ್ಜಿ ಎಂಬ ಹೆಸರು ಬಿದ್ದದ್ದು ಅವಳ ಸೂಜಿಯಿಂದ. ಡಬ್ಬಣ ಎಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ ಎಂದು ಎಲ್ಲರಿಗೂ ಗೊತ್ತು. ಅಜ್ಜಿಯ ಕೈಯಲ್ಲಿದ್ದದ್ದು ಆ ಡಬ್ಬಣದ ದೊಡ್ಡಪ್ಪ. ಒಂದೂವರೆ ಗೇಣು ಉದ್ದ, ಹಿಡಿದ ಕಡೆ ನಲವತ್ತು ವರ್ಷದ ಬೆರಳಿನ ಗುರುತು. ಹತ್ತಿ ತುಂಬಿದ ಹಾಸಿಗೆಯನ್ನು ಮೇಲಿನಿಂದ ಕೆಳಕ್ಕೆ ಅದರಿಂದ ಚುಚ್ಚಿ, ದಪ್ಪ ದಾರ ಎಳೆದು, ಎರಡೂ ಕಡೆ ಒಂದೊಂದು ಗುಂಡಿ ಕಟ್ಟುತ್ತಿದ್ದಳು. ಹಾಗೆ ಕಟ್ಟದಿದ್ದರೆ ಹತ್ತಿ ಒಂದು ಮೂಲೆಗೆ ಓಡಿ ಗಡ್ಡೆಯಾಗುತ್ತದೆ. ಬೇರೆಯವರು ಒಂದು ಹಾಸಿಗೆಗೆ ಇಪ್ಪತ್ತು ಗುಂಡಿ ಕಟ್ಟಿ ಕೈ ತೊಳೆದುಕೊಂಡರೆ ಅಜ್ಜಿ ನಲವತ್ತೆಂಟು ಕಟ್ಟುತ್ತಿದ್ದಳು. ಎಂಟು ಸಾಲು, ಸಾಲಿಗೆ ಆರು. ದಾರ ಹಿಡಿದು ಅಳೆದರೂ ಒಂದು ಕೂದಲೆಳೆ ಆಚೀಚೆ ಇರುತ್ತಿರಲಿಲ್ಲ. ಗಂಡ ಹತ್ತಿ ಹಿಂಜುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಗಂಡ ಹೋದ ಮೇಲೆ ಎರಡನ್ನೂ ಇವಳೇ ಮಾಡಿದಳು. ಆ ನಲವತ್ತೆಂಟು ಗುಂಡಿಯೇ ಅವಳ ಸಹಿ.

ಮೊಮ್ಮಗಳು ಹುಟ್ಟಿದಾಗ, ಮುಖ ದುಂಡಗಿದೆ ಎಂದು ಅವಳನ್ನೂ ಗುಂಡಿ ಎಂದೇ ಕರೆದಳು. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿದೆಯಂತೆ. ಅದು ಶಾಲೆಯವರಿಗೇ ಸರಿಯಾಗಿ ನೆನಪಿಲ್ಲ. ಎರಡು ವರ್ಷದವಳಿದ್ದಾಗಿನಿಂದ ಗುಂಡಿ ಮಲಗುವುದು ಅಂಗಡಿಯ ಮೇಲಿನ ಕೋಣೆಯಲ್ಲಿ, ಅಜ್ಜಿಯ ಹಾಸಿಗೆಯ ಮೇಲೆ, ಅಜ್ಜಿಯ ಎಡ ಮಗ್ಗುಲಲ್ಲಿ. ಅದು ಅಂತಿಂಥ ಹಾಸಿಗೆಯಲ್ಲ. ಅಜ್ಜಿ ತನಗಾಗಿ ಹೊಲಿದುಕೊಂಡ ಒಂದೇ ಒಂದು ಹಾಸಿಗೆ, ಇಪ್ಪತ್ತೆರಡು ವರ್ಷದ್ದು. ಹತ್ತಿಯನ್ನು ಎಸಳೆಸಳಾಗಿ ಆರಿಸಿ ತುಂಬಿದ್ದು.

ಗುಂಡಿಗೆ ಏಳು ತುಂಬುವ ಹೊತ್ತಿಗೆ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಸೀನು. ಒಂದು ಡಜನ್ ಗಟ್ಟಿ ಲೆಕ್ಕ, ಕೆಲವೊಮ್ಮೆ ಮೇಲೆ ಎರಡು ಕೊಸರು. ಆಮೇಲೆ ಎದೆಯೊಳಗೆ ಸೀಟಿ. ಆ ಸೀಟಿ ಕೇಳಿ ಬೀದಿಯ ತುದಿಯಲ್ಲಿ ಬಸ್ಸು ನಿಂತುಬಿಟ್ಟಿತು ಎಂದು ನಾನೇ ಒಂದು ಸಲ ಹೇಳಿ ನಗಿಸಿದ್ದೇನೆ. ಮಗು ಶಾಲೆಗೆ ಹತ್ತೊಂಬತ್ತು ದಿನ ಚಕ್ಕರ್ ಹೊಡೆದು, ಒಂದು ಬೆಳಿಗ್ಗೆ ತುಟಿ ನೀಲಿಯಾಗಿ ಮೆಟ್ಟಿಲ ಮೇಲೆ ಕುಳಿತದ್ದನ್ನು ನೋಡಿದ ಮೇಲೆ ಆ ಜೋಕು ಬಿಟ್ಟೆ.

ಅಜ್ಜಿಗೆ ಗೊತ್ತಿದ್ದ ಮದ್ದು ಒಂದೇ: ಹಾಸಿಗೆ ಬಡಿಯುವುದು. ಹಾಸಿಗೆಯಲ್ಲಿ ಧೂಳು ಕೂತಿದೆ, ಧೂಳು ಹೋದರೆ ಸೀನು ಹೋಗುತ್ತದೆ. ಇದು ಅವಳ ಲೆಕ್ಕ. ಮಗುವಿಗೆ ತಣ್ಣನೆ ಗಾಳಿ ತಾಗದಿರಲಿ ಎಂದು ಕೋಣೆಯ ಕಿಟಕಿ ಮುಚ್ಚಿ, ಬೆತ್ತ ತೆಗೆದುಕೊಂಡು ಬಡಿಯಲು ನಿಂತಳೆಂದರೆ ಮೂರು ಬೀದಿಯ ಪಾರಿವಾಳಗಳು ಬೇರೆ ಊರಿಗೆ ವಲಸೆ ಹೋಗುತ್ತಿದ್ದವು. ಗುಂಡಿ ಬಾಗಿಲಲ್ಲಿ ನಿಂತು ಕುಣಿದಾಡುತ್ತಾ ಎಣಿಸುತ್ತಿದ್ದಳು. ಸೀನು ಹೆಚ್ಚಾದಷ್ಟೂ ಅಜ್ಜಿ ಏಟು ಹೆಚ್ಚಿಸಿದಳು. ಏಟು ಹೆಚ್ಚಾದಷ್ಟೂ ಸೀನು ಹೆಚ್ಚಾಯಿತು. ಇಬ್ಬರೂ ಹಿಂದೆ ಸರಿಯಲಿಲ್ಲ.

ಅಜ್ಜಿಯ ಸೊಸೆ, ಅಂದರೆ ಗುಂಡಿಯ ತಾಯಿ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಮಾತು ಕಡಿಮೆ, ಆಡಿದ ಮಾತು ಮಾತ್ರ ಸರಿಯಾದ ವಿಳಾಸಕ್ಕೆ ಹೋಗಿ ಬೀಳುತ್ತದೆ. ಅವಳು ಒಂದು ಸಂಜೆ ಗುಂಡಿಯ ಬಟ್ಟೆಯನ್ನೆಲ್ಲ ಮಡಚಿ ಒಂದು ನೀಲಿ ಬ್ಯಾಗಿಗೆ ತುಂಬಿ ಮೆಟ್ಟಿಲ ಕೆಳಗೆ ಇಟ್ಟಳು. ತನ್ನ ಅಣ್ಣನ ಊರು ಒಣ ಹವೆಯದು, ಮನೆಯಲ್ಲಿ ಹತ್ತಿಯ ಎಳೆ ಕೂಡ ಇಲ್ಲ, ಮಗು ಅಲ್ಲೇ ಇದ್ದು ಓದಲಿ ಎಂದಳು. ಲಾರಿ ಓಡಿಸುವ ಮಗ ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಕೊನೆಗೆ ಮಾತಾಡಿದವರ ಮಾತಿಗೆ ಹೂಂ ಎನ್ನುವುದು ಅವನ ಪದ್ಧತಿ. ಆ ಭಾನುವಾರ ಕೊನೆಗೆ ಮಾತಾಡಿದವಳು ಸೊಸೆ. ಆದರೂ ಹೊರಡುವ ಮುಂಚೆ ಎದೆಯ ಡಾಕ್ಟರಿಗೆ ಒಂದು ಸಲ ತೋರಿಸೋಣ ಎಂದು ಅವಳೇ ಹೇಳಿದಳು. ಅಜ್ಜಿಯೂ ಹೊರಟಳು. ಅಜ್ಜಿಗೆ ಧೈರ್ಯ ಬೇಕಲ್ಲ, ನಾನೂ ಅಂಗಡಿ ಮುಚ್ಚಿ ಹೊರಟೆ.

ಡಾಕ್ಟರಮ್ಮ ಗುಂಡಿಯ ಮುಂಗೈ ಮೇಲೆ ಎಂಟು ಹನಿ ಸಾಲಾಗಿ ಇಟ್ಟು, ಒಂದೊಂದನ್ನೂ ಸಣ್ಣಗೆ ಚುಚ್ಚಿದರು. ನಾಯಿಯ ಕೂದಲು, ಹೂವಿನ ಪರಾಗ, ಜಿರಲೆ, ಹತ್ತಿ, ಹೀಗೆ ಒಂದೊಂದು ಹನಿಯೂ ಒಂದೊಂದರದು. ಕಾಲು ಗಂಟೆ ಕಾಯಬೇಕು, ಮಗುವಿಗೆ ಆಗದ್ದು ಯಾವುದೋ ಅಲ್ಲಿ ಊದಿಕೊಳ್ಳುತ್ತದೆ ಎಂದರು. ಆ ಕಾಲು ಗಂಟೆಯಲ್ಲಿ ಅಜ್ಜಿಗೆ ಹತ್ತು ವರ್ಷ ವಯಸ್ಸಾಯಿತು. ಹತ್ತಿಯ ಹನಿಯ ಮೇಲಿಂದ ಕಣ್ಣು ಕೀಳಲಿಲ್ಲ. ಹತ್ತಿ ಅಲುಗಲಿಲ್ಲ. ಅದರ ಪಕ್ಕದ ಹನಿ ಮಾತ್ರ ಬಟಾಣಿಯಷ್ಟು ಉಬ್ಬಿತು.

"ಹತ್ತಿ ಅಲ್ಲ ತಾನೆ ಡಾಕ್ಟರಮ್ಮ?" ಎಂದಳು ಅಜ್ಜಿ.

"ಹತ್ತಿ ಅಲ್ಲಜ್ಜಿ. ಹತ್ತಿಯೊಳಗೆ ಬಾಡಿಗೆಗಿರೋರು."

ಧೂಳಿನ ಹುಳ ಎಂದರು ಅದಕ್ಕೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದುಕೊಂಡು ಹಾಸಿಗೆ ದಿಂಬಿನ ಬೆಚ್ಚಗಿನ ತೇವದಲ್ಲಿ ಸಂಸಾರ ಮಾಡುತ್ತದೆ. ಅದರ ಹಿಕ್ಕೆ ಒಣಗಿ ಗಾಳಿಗೆದ್ದು ಮೂಗಿಗೆ ಹೋದರೆ ಕೆಲವರಿಗೆ ಹೀಗಾಗುತ್ತದೆ. ಹಾಸಿಗೆ ಹಳೆಯದಾದಷ್ಟೂ ಅದರ ವಂಶ ದೊಡ್ಡದು. ಆಮೇಲೆ, ಮುಚ್ಚಿದ ಕೋಣೆಯಲ್ಲಿ ಹಾಸಿಗೆ ಬಡಿಯುವುದೆಂದರೆ ಮಗುವಿನ ಮೂಗಿಗೆ ಅದನ್ನು ಕೈಯಾರೆ ತುಂಬಿದ ಹಾಗೆ ಎಂದೂ ಹೇಳಿದರು. ಸೊಸೆ ಅತ್ತೆಯ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲಿ ಅವಳಿಗೆ ಬಹಳ ಸಾಮರ್ಥ್ಯವಿದೆ.

ಅಜ್ಜಿ ನಂಬಲಿಲ್ಲ. ತನ್ನ ಹಾಸಿಗೆಯಲ್ಲಿ ಹುಳವೇ? ಮರುದಿನ ಹಾಸಿಗೆಯ ಹೊಲಿಗೆಯ ಸಂದಿನಿಂದ ಒಂದು ಚಿಟಿಕೆ ಧೂಳು ಕೆರೆದು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಒಬ್ಬಳೇ ಹೋಗಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ತೋರಿಸಿ ನೋಡೋಣ ಎಂದು ಕುಳಿತಳಂತೆ. ಅವರಲ್ಲಿ ಸೂಕ್ಷ್ಮದರ್ಶಕವಿತ್ತು. ತೋರಿಸಿದರು.

ಅರವತ್ತೆಂಟು ವರ್ಷದ ಹೆಂಗಸು ಹಾಗೆ ಓಡಿಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಒಂದು ಸೈಕಲ್ಲನ್ನು ಹಿಂದೆ ಹಾಕಿ ಬಂದಳು. ಅದು ನಿಂತಿದ್ದ ಸೈಕಲ್ಲೇ ಇರಬಹುದು, ಆದರೂ ಹಿಂದೆ ಹಾಕಿದಳು.

"ಎಂಟು ಕಾಲು ಕಣೋ ಛತ್ರಿ. ಮೈಯೆಲ್ಲ ಕೂದಲು, ಕಣ್ಣೇ ಇಲ್ಲ. ನೀರು ತುಂಬಿದ ಚೀಲದ ಹಾಗೆ ಬೆಳ್ಳಗೆ ಹೊರಳ್ತಾ ಇತ್ತು. ಒಂದಲ್ಲ, ಮೂರು. ನನ್ನ ಹಾಸಿಗೇದು."

"ಯಾವ ಸೈಜಕ್ಕ, ಆನೆಯಷ್ಟಾ?"

"ನಿನ್ನ ಬುದ್ಧಿಯಷ್ಟು. ಅದಕ್ಕೇ ಅಷ್ಟು ದೊಡ್ಡ ಕನ್ನಡಿ ಹಾಕಿ ನೋಡಬೇಕಾಯ್ತು."

ಅವಳ ಕಣ್ಣು ಹೊಳೆಯುತ್ತಿತ್ತು. ಇಷ್ಟು ದಿನ ಶತ್ರುವಿನ ಮುಖವೇ ಗೊತ್ತಿರಲಿಲ್ಲ, ಈಗ ಗೊತ್ತಾಯಿತಲ್ಲ. ಡಾಕ್ಟರಮ್ಮನ ಹತ್ತಿರ ಮಾತೂ ಮುಗಿಸಿಕೊಂಡು ಬಂದಿದ್ದಳು. ನಾಲ್ಕು ವಾರ. ಮಗು ದಿನವೂ ಪಂಪಿನ ಔಷಧಿ ಎಳೆದುಕೊಳ್ಳಬೇಕು, ಜೊತೆಗೆ ಮಲಗುವ ಕೋಣೆಯನ್ನು ಹುಳಕ್ಕೆ ಆಗದ ಹಾಗೆ ಮಾಡಬೇಕು. ಅವರಲ್ಲಿ ಊದುವ ಕೊಳವೆಯೊಂದಿತ್ತು. ಜೋರಾಗಿ ಊದಿದರೆ ಒಳಗಿನ ಮುಳ್ಳು ಮುಂದಕ್ಕೆ ಓಡುತ್ತದೆ. ಮೊದಲು ಕೆಂಪು, ಆಮೇಲೆ ಹಳದಿ, ಕೊನೆಗೆ ಹಸಿರು. ಹಿಂದಿನ ದಿನ ಗುಂಡಿ ಊದಿದ್ದು ಹಳದಿಯ ಹೊಸಿಲಲ್ಲೇ ನಿಂತಿತ್ತು. ನಾಲ್ಕು ವಾರದ ಕೊನೆಗೆ ಮೂರು ಸಲ ಊದಿಸುತ್ತೇನೆ, ಅದರಲ್ಲಿ ಒಂದಾದರೂ ಹಸಿರು ಮುಟ್ಟಿದರೆ ಊರು ಬಿಡಿಸುವ ಅಗತ್ಯವಿಲ್ಲ ಎಂದಿದ್ದರು. ಸೊಸೆ ಯೋಚಿಸಿ, ಆಗಲಿ ಅತ್ತೆ, ರಜೆ ಮುಗಿದು ಶಾಲೆ ತೆರೆಯುವುದೂ ಆಗಲೇ, ಎಂದಳು. ಬ್ಯಾಗು ಮಾತ್ರ ಮೆಟ್ಟಿಲ ಕೆಳಗೇ ಉಳಿಯಿತು.

ಯುದ್ಧ ಮರುದಿನವೇ ಆರಂಭ. ದಪ್ಪ ಪರದೆಗಳು ಕೆಳಗಿಳಿದವು. ನೆಲದ ರತ್ನಗಂಬಳಿ ಸುತ್ತಿಕೊಂಡು ಮನೆ ಬಿಟ್ಟಿತು. ಒಣ ಪೊರಕೆಗೆ ಕೋಣೆ ಪ್ರವೇಶ ಬಂದ್. ಏನಿದ್ದರೂ ಒದ್ದೆ ಬಟ್ಟೆ. ಅಜ್ಜಿ ಅಂಗಡಿಯಿಂದ ಮೇಲೆ ಹೋಗುವ ಮುಂಚೆ ಬಟ್ಟೆ ಬದಲಾಯಿಸಿ ಕೈಕಾಲು ತೊಳೆಯತೊಡಗಿದಳು. ಎದ್ದ ತಕ್ಷಣ ಹಾಸಿಗೆಯ ಮೇಲೆ ಹೊದಿಕೆ ಮುಚ್ಚಬೇಡಿ, ಬೆವರಿನ ತೇವ ಆರಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಇಪ್ಪತ್ತು ವರ್ಷದಿಂದ ಏಳುತ್ತಲೇ ಹಾಸಿಗೆ ಸರಿಮಾಡದಿದ್ದರೆ ತಿಂಡಿ ಇಲ್ಲ ಎನ್ನುತ್ತಿದ್ದವಳು ಈಗ ಯಾರಾದರೂ ಸರಿಮಾಡಿದರೆ ತಿಂಡಿ ಇಲ್ಲ ಎಂದಳು. ಮಗ ಆ ಭಾನುವಾರ ಮನೆ ತಪ್ಪಿ ಬಂದೆನೇನೋ ಎಂದು ಹೊರಗೆ ಹೋಗಿ ಬಾಗಿಲು ನೋಡಿ ಬಂದ.

ಹಾಸು, ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆಯಬೇಕು. ಉಗುರುಬೆಚ್ಚಗಿನ ನೀರಲ್ಲಿ ಹುಳ ಸ್ನಾನ ಮಾಡಿಕೊಂಡು ಹಾಯಾಗಿರುತ್ತದೆ, ಅರವತ್ತು ಡಿಗ್ರಿ ಇದ್ದರೆ ಸಾಯುತ್ತದೆ. ಅರವತ್ತು ಎಂದು ಗೊತ್ತಾಗುವುದು ಹೇಗೆ? ಅಜ್ಜಿ ಡೈರಿಗೆ ಹೋಗಿ ಹಾಲಿನ ಥರ್ಮಾಮೀಟರ್ ಕಡ ತಂದಳು. ಗುಂಡಿ ತಬ್ಬಿಕೊಂಡು ಮಲಗುವ ಬಟ್ಟೆಯ ಗೊಂಬೆ ಆನೆಯನ್ನು ಬಿಸಿನೀರಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಚಳಿಗೂ ಹುಳ ಸಾಯುತ್ತದೆ, ಆಮೇಲೆ ತಣ್ಣೀರಲ್ಲಿ ತೊಳೆದರಾಯಿತು ಎಂದರು ಡಾಕ್ಟರಮ್ಮ. ಆನೆ ಪ್ಲಾಸ್ಟಿಕ್ ಚೀಲ ಹೊದ್ದು ಎರಡು ದಿನ ಮೂಲೆಯ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಮಲಗಿತು. ಗಿರಾಕಿಯೊಬ್ಬ ಗಾಜಿನ ಮೂಲಕ ಬೆರಳು ತೋರಿಸಿ, ಅದು ಯಾವ ಫ್ಲೇವರ್ ಎಂದು ಕೇಳಿದನಂತೆ.

ಉಳಿದದ್ದು ಹಾಸಿಗೆ. ಅದನ್ನು ಬೇಯಿಸಲಾಗದು, ಫ್ರೀಜರಿಗೆ ತುರುಕಲಾಗದು. ಒತ್ತು ನೇಯ್ಗೆಯ ಬಟ್ಟೆಯಲ್ಲಿ ಆರೂ ಮಗ್ಗುಲು ಮುಚ್ಚುವ ಗವಸು ಹೊಲಿದು ಜಿಪ್ಪು ಹಾಕಿ, ಒಳಗಿನ ಧೂಳು ಹೊರಗೆ ಬರಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಯಾವ ಬಟ್ಟೆ ಸಾಕಷ್ಟು ಒತ್ತು? ಅಜ್ಜಿ ತನ್ನದೇ ಪರೀಕ್ಷೆ ಕಟ್ಟಿದಳು. ಬಟ್ಟೆಯ ತುಂಡನ್ನು ಗಂಟು ಕಟ್ಟಿ ಒಳಗೆ ಮೈದಾ ಹಿಟ್ಟು ಹಾಕಿ, ನನ್ನ ಕಪ್ಪು ಕೊಡೆಬಟ್ಟೆಯ ಮೇಲೆ ಹಿಡಿದು ಬೆರಳಿನಿಂದ ತಟ್ಟುವುದು. ಕೆಳಗೆ ಒಂದು ಕಣ ಬಿಳಿ ಕಂಡರೂ ಆ ಬಟ್ಟೆ ಫೇಲು. ಹತ್ತೊಂಬತ್ತು ಬಟ್ಟೆ ಫೇಲಾದವು. ನನ್ನ ಅಂಗಡಿ ಹಿಟ್ಟಿನ ಗಿರಣಿಯಾಯಿತು. ನನ್ನ ಮೀಸೆಗೆ ಇದ್ದ ವಯಸ್ಸಿನ ಜೊತೆ ಇನ್ನಷ್ಟು ಬಂತು.

ಕೊಡೆಬಟ್ಟೆಯನ್ನೇ ಹಾಕು, ಅದರಲ್ಲಿ ದೇವರೂ ತೂರಲಾರ ಎಂದು ನಾನು ಜಂಭ ಕೊಚ್ಚಿದೆ. ಹೊಲಿದಳು. ಗುಂಡಿ ಆ ಹಾಸಿಗೆಯ ಮೇಲೆ ಮಗ್ಗುಲು ಬದಲಿಸಿದರೆ ಕಾಗದದ ಕಾರ್ಖಾನೆ ಶುರುವಾದ ಹಾಗೆ ಸದ್ದು, ಮೇಲೆ ಇಬ್ಬರಿಗೂ ಬೆವರಿನ ಸ್ನಾನ. ಎರಡೇ ದಿನಕ್ಕೆ ಬಟ್ಟೆ ನನ್ನ ಮಡಿಲಿಗೆ ವಾಪಸು ಬಂತು.

"ಹೊರಗಿನ ಮಳೆ ಒಳಗೆ ಬಿಡಲ್ಲ, ಒಪ್ಪಿದೆ," ಎಂದಳು. "ಒಳಗಿನ ಮಳೇನೂ ಹೊರಗೆ ಬಿಡಲ್ವಲ್ಲೋ."

ಕೊಡೆಬಟ್ಟೆ ಬಿಟ್ಟು ಎಣಿಸಿದರೆ ಇಪ್ಪತ್ತನೆಯದು ಗೆದ್ದಿತು. ಗರಿ ತುಂಬುವ ದಿಂಬಿಗೆ ಬಳಸುವ ನುಣುಪಾದ ಹತ್ತಿ ಬಟ್ಟೆ. ಅಜ್ಜಿ ಹೋಟೆಲುಗಳಿಗೆ ಸಾಮಾನು ಮಾರುವವನಿಂದ ಹುಡುಕಿ ತಂದದ್ದು. ಕಾಲು ಗಂಟೆ ತಟ್ಟಿದರೂ ಕೊಡೆಬಟ್ಟೆ ಕಪ್ಪಗೇ ಇತ್ತು. ಗಾಳಿಯೂ ಆಡುತ್ತಿತ್ತು, ಸದ್ದೂ ಇರಲಿಲ್ಲ. ಅಜ್ಜಿ ಗವಸು ಹೊಲಿದು, ಜಿಪ್ಪು ಕೂಡಿಸಿ, ಹಾಸಿಗೆ ಒಳಗೆ ತಳ್ಳಿ, ದೂರ ನಿಂತು ನೋಡಿದಳು. ಬೋಳಾಗಿ ಕಂಡಿತು. ಅವಳ ಕೈ ಕೇಳಬೇಕಲ್ಲ. ಡಬ್ಬಣ ತೆಗೆದುಕೊಂಡು ಗವಸೂ ಹಾಸಿಗೆಯೂ ಸೇರುವ ಹಾಗೆ ಸರಸರ ಚುಚ್ಚಿ ನಲವತ್ತೆಂಟು ಗುಂಡಿ ಕಟ್ಟಿಬಿಟ್ಟಳು. ಈಗ ಹಾಸಿಗೆ ಹಾಸಿಗೆಯ ಹಾಗೆ ಕಂಡಿತು. ಬೀದಿಯೆಲ್ಲ ಬಂದು ನೋಡಿ ತಲೆದೂಗಿತು. ನಾನೂ ತೂಗಿದೆ.

ಮೊದಲ ವಾರ ಗುಂಡಿಯ ಸೀನು ಡಜನ್ನಿನಿಂದ ಆರಕ್ಕೆ ಇಳಿದಿತ್ತು. ಎರಡನೆಯ ವಾರವೂ ಆರು. ಮೂರನೆಯ ವಾರದ ನಡುವೆಯೂ ಆರು, ಸೀಟಿಯೂ ಹಾಗೇ. ಡಾಕ್ಟರಮ್ಮನಲ್ಲಿ ಊದಿಸಿದಾಗ ಮುಳ್ಳು ಹಳದಿಯ ಮಧ್ಯಕ್ಕೆ ಬಂದು ಅಲ್ಲೇ ಗೂಟ ಹೊಡೆದುಕೊಂಡು ಕುಳಿತಿತ್ತು. ಸೊಸೆ ಬ್ಯಾಗಿಗೆ ಒಂದು ಸ್ವೆಟರ್ ಸೇರಿಸಿದಳು. ಅಜ್ಜಿ ಅಂದು ಊಟ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ನಾನು ಅವಳನ್ನು ಊಟಕ್ಕೆ ಎಬ್ಬಿಸಲು ಮೇಲೆ ಹೋದೆ. ಮಗು ಶಾಲೆಯ ಗೆಳತಿಯ ಮನೆಗೆ ಹೋಗಿತ್ತು. ಅಜ್ಜಿ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು ಸುಮ್ಮನೆ ನೋಡುತ್ತಿದ್ದಳು. ಪರದೆ ಇಲ್ಲದ ಕಿಟಕಿಯಿಂದ ಬಿಸಿಲು ಕೋಲಿನ ಹಾಗೆ ಹಾಸಿಗೆಯ ಮೇಲೆ ಓರೆಯಾಗಿ ಬಿದ್ದಿತ್ತು. ಏಳಕ್ಕ ಎನ್ನುತ್ತಾ ನಾನು ಹಾಸಿಗೆಯ ಅಂಚಿಗೆ ಧೊಪ್ಪನೆ ಕುಳಿತೆ.

"ಅಲುಗಬೇಡ," ಎಂದಳು.

ಅಲುಗಲಿಲ್ಲ.

"ಎದ್ದು ಇನ್ನೊಂದು ಸಲ ಕೂತ್ಕೋ. ಹಾಗೇ, ಧೊಪ್ಪಂತ."

ಎದ್ದು ಕುಳಿತೆ. ಆಗ ನಾನೂ ಕಂಡೆ. ಬಿಸಿಲ ಕೋಲಿನೊಳಗೆ, ಒಂದೊಂದು ಗುಂಡಿಯ ಪಕ್ಕದಿಂದ ಒಂದೊಂದು ಸಣ್ಣ ಹೊಗೆ ಪುಸಕ್ಕೆಂದು ಎದ್ದು ನಿಂತಿತು. ಸಾಲಿಗೆ ಆರು. ಅಚ್ಚುಕಟ್ಟಾದ ಅಡುಗೆಮನೆಗಳ ಒಂದು ಇಡೀ ಬಡಾವಣೆ ಏಕಕಾಲಕ್ಕೆ ಒಲೆ ಹಚ್ಚಿದ ಹಾಗೆ.

ಅಜ್ಜಿ ಎದ್ದಳು. ಗೆದ್ದ ಬಟ್ಟೆಯ ಉಳಿಕೆ ತುಂಡೊಂದನ್ನು ತಂದು ಅದಕ್ಕೆ ಡಬ್ಬಣದಿಂದ ಆರು ಸಲ ಚುಚ್ಚಿ, ಹಿಟ್ಟು ಕಟ್ಟಿ, ಕೊಡೆಬಟ್ಟೆಯ ಮೇಲೆ ಹಿಡಿದು ತಟ್ಟಿದಳು. ಕಪ್ಪಿನ ಮೇಲೆ ಆರು ಬಿಳಿ ಗುಡ್ಡೆ ಬಿದ್ದವು. ಸಾಲಾಗಿ, ಕೂದಲೆಳೆ ಆಚೀಚೆ ಇಲ್ಲದೆ.

ಅವಳು ಆ ಗುಡ್ಡೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. ನನಗೆ ಒಂದು ಜೋಕೂ ಹೊಳೆಯಲಿಲ್ಲ, ಅದು ನನ್ನ ಬದುಕಿನಲ್ಲಿ ಎರಡನೆಯ ಸಲ.

"ಗೋಡೆ ಕಟ್ಟಿದೆ ಕಣೋ," ಎಂದಳು ಕೊನೆಗೆ. "ಕಟ್ಟಿ, ನಲವತ್ತೆಂಟು ಬಾಗಿಲು ನಾನೇ ಇಟ್ಟೆ."

ಆಮೇಲೆ ನಡೆದದ್ದು ಗಾಳಿಯ ವೇಗದಲ್ಲಿ. ಉಳಿದಿದ್ದದ್ದು ಹತ್ತೇ ದಿನ. ನಲವತ್ತೆಂಟು ದಾರವನ್ನೂ ಕತ್ತರಿಸಿ ಆ ಗವಸನ್ನು ಕಿತ್ತೆಸೆದಳು. ಹತ್ತಿ ಓಡದ ಹಾಗೆ ಹಿಡಿದಿಡಲು ಹಾಸಿಗೆಯ ಒಳಗಿನ ಹಳೆಯ ಗುಂಡಿಗಳೇ ಸಾಕಿದ್ದವು. ಹೊರಗಿನವು ಬರೀ ಅವಳ ಕಣ್ಣಿಗಾಗಿ ಇದ್ದವು. ಅದನ್ನು ಅವಳೇ ಬಾಯಿಬಿಟ್ಟು ಹೇಳಿದಳು. ಅಂಗಿ ಹೊಲಿಯುವ ದರ್ಜಿಯ ಹತ್ತಿರ ಹೋಗಿ, ನಿನ್ನಲ್ಲಿರುವ ಅತಿ ಸಣ್ಣ ಸೂಜಿ ಯಾವುದು ಎಂದು ಕೇಳಿದಳು. ದರ್ಜಿ ತನ್ನ ಕಿವಿಯನ್ನೇ ನಂಬಲಿಲ್ಲ. ಅವನ ಮಷೀನಿನ ಮುಂದೆ ಅವಳು ಹೊಸ ಕಲಿಕೆಯವಳ ಹಾಗೆ ಕುಳಿತು, ಎರಡು ಸಲ ದಾರ ತುಂಡರಿಸಿ, ಅವನಿಂದ ಬೈಸಿಕೊಂಡು, ಹೊಸ ಗವಸು ಹೊಲಿದಳು. ಹೊಲಿಗೆ ಎರಡು ಸುತ್ತು, ಹೊಲಿಗೆಯ ಮೇಲೆ ಪಟ್ಟಿ, ಜಿಪ್ಪಿನ ತುದಿಗೆ ಮುಚ್ಚಳ. ದಿಂಬುಗಳಿಗೂ ಹಾಗೇ. ಪ್ರತಿ ಹೊಲಿಗೆಗೂ ಹಿಟ್ಟಿನ ಪರೀಕ್ಷೆ. ಬೋಳು ಹಾಸಿಗೆ ನೋಡಿ ಹಳೆಯ ಗಿರಾಕಿಯೊಬ್ಬರು ನಕ್ಕರು. ಡಬ್ಬಣ ಕೆಳಗಿನ ಅಂಗಡಿಯ ಗೋಡೆಯ ಮೊಳೆಗೆ ಹೋಯಿತು; ಮೆಟ್ಟಿಲು ಹತ್ತಲು ಅದಕ್ಕೆ ಅಪ್ಪಣೆಯಿರಲಿಲ್ಲ.

ನಾಲ್ಕನೆಯ ದಿನ ಸೀನು ಮೂರು. ಆರನೆಯ ದಿನ ಒಂದು. ಏಳನೆಯ ದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆರೆದು ಕಿವಿಗೊಟ್ಟು ನಿಂತೆ. ಏನೂ ಕೇಳಲಿಲ್ಲ. ಗಾಬರಿಯಾಗಿ ಎದುರು ಕಿಟಕಿ ನೋಡಿದರೆ ಅಜ್ಜಿ ಎರಡೂ ಕೈ ತಲೆಯ ಮೇಲೆ ದುಂಡಗೆ ಕೂಡಿಸಿ ತೋರಿಸುತ್ತಿದ್ದಳು. ಸೊನ್ನೆಯನ್ನು ಅಷ್ಟು ದೊಡ್ಡದಾಗಿ ಯಾರೂ ತೋರಿಸಿರಲಿಕ್ಕಿಲ್ಲ.

ಊದುವ ದಿನ ದರ್ಜಿ, ಐಸ್‌ಕ್ರೀಮಿನವನು, ಡೈರಿಯವನು ಎಲ್ಲರೂ ಆಸ್ಪತ್ರೆಯ ಹೊರಗೆ ಬಂದು ನಿಂತರು. ಲಾರಿಯೂ ಬಂದು ನಿಂತಿತ್ತು, ಅಂದು ಭಾನುವಾರವಲ್ಲ. ಒಳಗೆ ಗುಂಡಿ ಕೊಳವೆಯನ್ನು ಬಾಯಿಗಿಟ್ಟಳು. ಮೊದಲ ಸಲ ಅಜ್ಜಿಯ ಮುಖ ನೋಡಿ ನಗು ಬಂದು ಗಾಳಿಯೆಲ್ಲ ಪಕ್ಕದಿಂದ ಸೋರಿತು, ಹಳದಿ. ಎರಡನೆಯ ಸಲ ಮುಳ್ಳು ಹಸಿರಿನ ಗೆರೆಯ ಹತ್ತಿರ ಹೋಗಿ ಸಂಕೋಚಪಟ್ಟು ನಿಂತಿತು. ಸೊಸೆ ಕುರ್ಚಿಯ ಹಿಡಿಯನ್ನು ಹಿಡಿದಿದ್ದಳು. ಅಜ್ಜಿ ಕಣ್ಣು ಮುಚ್ಚಿಕೊಂಡು, ಮಗುವಿನ ಬದಲು ತಾನೇ ಎದೆ ತುಂಬ ಉಸಿರು ಎಳೆದುಕೊಂಡಳು.

ಮೂರನೆಯ ಸಲ ಗುಂಡಿ ಊದಿದಳು. ಡಾಕ್ಟರಮ್ಮನ ಮೇಜಿನ ಕಾಗದಗಳು ಹಾರಿ ಪಕ್ಕದ ಊರಿಗೆ ಹೋಗಿ ಬಿದ್ದವು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಇರಲಿ, ಮುಳ್ಳು ಹಸಿರಿನೊಳಗೆ ಎರಡು ಬೆರಳು ದೂರ ಹೋಗಿ ನಿಂತದ್ದು ಮಾತ್ರ ಒಂದು ಕೂದಲೆಳೆಯೂ ಸೇರಿಸದ ನಿಜ. ಔಷಧಿ ಬಿಡಬೇಡಿ, ಗವಸು ತೆಗೆಯಬೇಡಿ, ಮಗು ಇಲ್ಲೇ ಇರಲಿ ಎಂದರು ಡಾಕ್ಟರಮ್ಮ.

ಮನೆಗೆ ಬಂದ ಕೂಡಲೇ ಸೊಸೆ ಮೆಟ್ಟಿಲ ಕೆಳಗಿನ ನೀಲಿ ಬ್ಯಾಗನ್ನು ಎತ್ತಿಕೊಂಡಳು.

"ಇದನ್ನ ಮೇಲೆ ತಗೊಂಡು ಹೋಗಿ ಬಟ್ಟೆ ಜೋಡಿಸ್ತೀನಿ ಅತ್ತೆ," ಎಂದಳು. ಅವಳ ಮೂಗು ಕೆಂಪಾಗಿತ್ತು. ಅದಕ್ಕೆ ಕಾರಣ ಹುಳವಲ್ಲ.

ಅಜ್ಜಿ ಮೆಟ್ಟಿಲಿಗೆ ಅಡ್ಡ ನಿಂತಳು.

"ಮೇಲೆ ಬೇಡಮ್ಮ. ತಿಂಗಳಿಂದ ಇಲ್ಲಿ ಕೂತು ಧೂಳು ಕುಡಿದಿದೆ ಅದು. ಮೊದಲು ಹಿತ್ತಲಿಗೆ ತಾ. ಸ್ವೆಟರ್ ಫ್ರೀಜರಿಗೆ, ಉಳಿದದ್ದು ಬಿಸಿನೀರಿಗೆ."

ಅತ್ತೆ ಸೊಸೆ ಇಬ್ಬರೂ ಬ್ಯಾಗಿನ ಒಂದೊಂದು ಹಿಡಿ ಹಿಡಿದು ಹಿತ್ತಲಿಗೆ ನಡೆದರು. ಒಲೆಯ ಮೇಲೆ ದೊಡ್ಡ ಪಾತ್ರೆ ಏರಿತು. ಗುಂಡಿ ಹಾಲಿನ ಥರ್ಮಾಮೀಟರ್ ಹಿಡಿದು ಪಕ್ಕದಲ್ಲಿ ನಿಂತು, ನಲವತ್ತು, ನಲವತ್ತೆಂಟು, ಐವತ್ತೈದು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗತೊಡಗಿದಳು. ಅರವತ್ತು ಬರುವವರೆಗೂ ನಡುವೆ ಎಲ್ಲೂ ಉಸಿರಿಗಾಗಿ ನಿಲ್ಲಲಿಲ್ಲ.